ಸರ್ವರ್ ಜಾಸ್ತಿ ಮಾಡಿದ ಮೇಲೆ ಸೈಟ್ ಇನ್ನೂ ಬೇಗ ಬೀಳ್ತಿದೆ, ಯಾಕೆ?

ಕೋಡುಬಳೆ:
ನಮಸ್ಕಾರ. ನಾಟಕದ ಟಿಕೆಟ್ ಬುಕ್ ಮಾಡುವ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಕೋಡ್ ನೋಡ್ ಜೆಎಸ್‌ನಲ್ಲಿ, ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬುಕಿಂಗ್ ಶುರುವಾದ ತಕ್ಷಣ ಜನ ಮುಗಿಬೀಳುತ್ತಾರೆ. ಒಂದೇ ಸರ್ವರ್ ಇದ್ದಾಗ ನಿಧಾನ ಆಗುತ್ತಿತ್ತು, ಅಷ್ಟೇ. ಈಗ ರಿಕ್ವೆಸ್ಟ್ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ 4 ಸರ್ವರ್ ಇದೆ, ಒಂದೊಂದರಲ್ಲಿ 4 ಪ್ರೊಸೆಸ್. ಈಗ ಸೀದಾ 500 ಎರರ್. ಲಾಗ್ ತುಂಬಾ ಪೋಸ್ಟ್‌ಗ್ರೆಸ್‌ನ ‘ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’. ಸಿಪಿಯು ಮಾತ್ರ ಎಲ್ಲ ಕಡೆ ಆರಾಮಾಗಿದೆ. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟು ಕನೆಕ್ಷನ್ ಮಿತಿ) 1000 ಮಾಡಿಬಿಡಲಾ?

ರಾತ್ರಿಪಾಳಿ:
ತಡೀರಿ, ಮೊದಲು ಲೆಕ್ಕ ಹಾಕೋಣ. ನೋಡ್‌ನಿಂದ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪಿಜಿ ಲೈಬ್ರರಿಯಲ್ಲಿ ನೀವೇನೂ ಹೇಳದಿದ್ದರೆ ಪೂಲ್‌ಗೆ (ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು) 10 ಕನೆಕ್ಷನ್. ಪೂಲ್ ಇರುವುದು ಪ್ರೊಸೆಸ್‌ಗೊಂದು, ಇಡೀ ಸೈಟ್‌ಗೊಂದಲ್ಲ. ಮೊದಲು 4 ಪ್ರೊಸೆಸ್‌ಗೆ 40 ಇತ್ತು, ಈಗ 16 ಪ್ರೊಸೆಸ್‌ಗೆ 160. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ (ಅಡ್ಮಿನ್‌ಗೆ) ಮೀಸಲು. ಬಡಿಸುವವರನ್ನು ಜಾಸ್ತಿ ಮಾಡಿದ್ದೀರಿ, ದೋಸೆ ಕಲ್ಲು ಒಂದೇ ಇದೆ.

1000 ಬೇಡ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಬೇರೆ ಪ್ರೊಸೆಸ್ ತೆರೆಯುತ್ತದೆ. ಮೆಮೊರಿ ಹೋಗುತ್ತದೆ, ಕೋರ್‌ಗಳಿಗಾಗಿ ಕ್ವೆರಿಗಳ ಕಿತ್ತಾಟ ಬೇರೆ. ನೋಡ್ ಸರ್ವರ್ ತನ್ನಲ್ಲಿ ಏನೂ ಇಟ್ಟುಕೊಳ್ಳದಿದ್ದರೆ ಎಷ್ಟು ಬೇಕಾದರೂ ಸೇರಿಸಬಹುದು. ಡೇಟಾಬೇಸ್ ಹಾಗಲ್ಲವಲ್ಲ.

ನನಗೆ ಅನುಮಾನ ಬಂದಿದ್ದು ಆ ಸಿಪಿಯು ಮಾತಿಗೆ. ಕನೆಕ್ಷನ್ ಎಲ್ಲ ಭರ್ತಿ, ಕೆಲಸ ಮಾತ್ರ ನಡೀತಿಲ್ಲ ಅಂದರೆ ಯಾರೋ ಹಿಡಿದುಕೊಂಡು ಕಾಯುತ್ತಿದ್ದಾರೆ. ರಶ್ ಇರುವಾಗ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ನೋಡಿ, ಪ್ರತಿ ಕನೆಕ್ಷನ್ ಏನು ಮಾಡ್ತಿದೆ ಅಂತ ಪೋಸ್ಟ್‌ಗ್ರೆಸ್ ತೋರಿಸುವ ಪಟ್ಟಿ ಅದು. ಸ್ಟೇಟ್ ಕಾಲಂನಲ್ಲಿ ಏನಿದೆ?

ಕೋಡುಬಳೆ:
ನೋಡಿದೆ ಸಾರ್. ಮುಕ್ಕಾಲು ಪಾಲು ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತಿವೆ. ಕೋಡ್ ಹೀಗಿದೆ: ಬಿಗಿನ್ (ಟ್ರಾನ್ಸಾಕ್ಷನ್ ಶುರು), ಟೇಬಲ್‌ನಲ್ಲಿ ಆ ಸೀಟಿನ ಸಾಲಿಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ (ಸಾಲಿಗೆ ಲಾಕ್), ಪೇಮೆಂಟ್ ಗೇಟ್‌ವೇಗೆ ರಿಕ್ವೆಸ್ಟ್, ಎಸ್ಸೆಮ್ಮೆಸ್, ಕಮಿಟ್ (ಉಳಿಸಿ ಮುಗಿಸುವುದು).

ರಾತ್ರಿಪಾಳಿ:
ಸಿಕ್ತಲ್ಲ! ಗೇಟ್‌ವೇ ಉತ್ತರ ಕೊಡಲು 2 ಸೆಕೆಂಡ್ ತೆಗೆದುಕೊಂಡರೆ ಅಷ್ಟು ಹೊತ್ತೂ ಒಂದು ಕನೆಕ್ಷನ್ ಸುಮ್ನೆ ಕೂತಿರುತ್ತದೆ, ಸೀಟಿನ ಲಾಕನ್ನೂ ಹಿಡಿದುಕೊಂಡು.

ಎರಡಾಗಿ ಒಡೆಯಿರಿ. ಮೊದಲನೆಯದು: ಸೀಟಿಗೆ ‘ಹೋಲ್ಡ್’ ಅಂತ ಬರೆದು, ಯಾವಾಗ ಮುಗಿಯುತ್ತದೆ ಅನ್ನುವ ಸಮಯವನ್ನೂ ಹಾಕಿ, ತಕ್ಷಣ ಕಮಿಟ್. ಗೇಟ್‌ವೇ ಮಾತುಕತೆ ಟ್ರಾನ್ಸಾಕ್ಷನ್‌ನಿಂದ ಹೊರಗೆ. ದುಡ್ಡು ಬಂದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಸೀಟು ಖಾತ್ರಿ. ಎಸ್ಸೆಮ್ಮೆಸ್ ಕ್ಯೂಗೆ ಹಾಕಿ, ಬೇರೆ ವರ್ಕರ್ ಕಳಿಸಲಿ. ಅದು ಅರ್ಧ ನಿಮಿಷ ತಡವಾದರೆ ಯಾರೂ ಬೈಯಲ್ಲ.

ಬೈಟುಕಾಫಿ:
ನಡುವೆ ಬಾಯಿ ಹಾಕ್ತೀನಿ. ಪೋಸ್ಟ್‌ಗ್ರೆಸ್ ಮುಂದೆ ಕೂತು ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಹಾಕಿ, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಟ್ರಾನ್ಸಾಕ್ಷನ್ ಮುಗಿದ ತಕ್ಷಣ ಕನೆಕ್ಷನ್ ಬೇರೆಯವರಿಗೆ). ಡಿಫಾಲ್ಟ್ ಸೆಷನ್ ಮೋಡ್‌ನಿಂದ ನಿಮಗೆ ಹೆಚ್ಚೇನೂ ಲಾಭ ಇಲ್ಲ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಲಿಸನ್ (ಡೇಟಾಬೇಸ್‌ನಿಂದ ಸುದ್ದಿಗೆ ಕಾಯುವ ಆಜ್ಞೆ), ಸೆಷನ್ ಮಟ್ಟದ ಸೆಟ್ಟಿಂಗ್ ಕೈಕೊಡುತ್ತವೆ, ಅದನ್ನು ನೋಡಿಕೊಳ್ಳಿ.

ರಾತ್ರಿಪಾಳಿ:
ಸರಿ, ಆದರೆ ಕೋಡ್ ಒಡೆದ ಮೇಲೆ. ಈಗಲೇ ಹಾಕಿದರೆ ಗೇಟ್‌ವೇಗೆ ಕಾಯುವ ಟ್ರಾನ್ಸಾಕ್ಷನ್‌ಗಳು ಬೌನ್ಸರ್‌ನ ಕನೆಕ್ಷನ್‌ಗಳನ್ನೂ ಹಾಗೇ ಹಿಡಿದು ಕೂರುತ್ತವೆ. ಎರರ್ ಹೋಗಿ ಕ್ಯೂ ಬೆಳೆಯುತ್ತದೆ, ಅಷ್ಟೇ.

ಕೋಡುಬಳೆ:
ಒಡೆದೆ. ಪೂಲ್ 5ಕ್ಕೆ ಇಳಿಸಿದೆ, ಒಟ್ಟು 80. ನಿನ್ನೆಯ ಬುಕಿಂಗ್‌ನಲ್ಲಿ ಆ ಎರರ್ ಬರಲಿಲ್ಲ. ಬೌನ್ಸರ್ ಸದ್ಯಕ್ಕೆ ಹಾಕಿಲ್ಲ. ಒಂದು ಡೌಟು: ಹೋಲ್ಡ್ ಮುಗಿದ ಮೇಲೆ ದುಡ್ಡು ಬಂದರೆ?

ರಾತ್ರಿಪಾಳಿ:
ಸೀಟು ಇನ್ನೂ ಖಾಲಿ ಇದ್ದರೆ ಅವರಿಗೇ ಕೊಡಿ, ಇಲ್ಲದಿದ್ದರೆ ರೀಫಂಡ್. ಹೋಲ್ಡ್ ಅವಧಿ ಗೇಟ್‌ವೇ ಟೈಮ್‌ಔಟ್‌ಗಿಂತ ಉದ್ದ ಇರಲಿ, ಆಗ ಇದು ಅಪರೂಪ. ಗೇಟ್‌ವೇ ಒಂದೇ ಸುದ್ದಿಯನ್ನು ಎರಡು ಸಲ ಕಳಿಸುವುದೂ ಉಂಟು. ಪೇಮೆಂಟ್ ಐಡಿ ಕಾಲಂಗೆ ಯೂನಿಕ್ ಹಾಕಿಡಿ, ಒಂದೇ ಐಡಿ ಎರಡು ಸಲ ಸೇರದಂತೆ.