ಟಿವಿಯಲ್ಲಿ ಒತ್ತಕ್ಷರವೇ ಕಾಣುತ್ತಿಲ್ಲ: ಸರಿಪಡಿಸಬೇಕಾದದ್ದು ಟಿವಿಯನ್ನೋ, ಕಂಪ್ಯೂಟರನ್ನೋ?

ಡೊಂಬಿವಲಿ ಟೀಚರ್
ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಮರಾಠಿ, ಕನ್ನಡ ಅಜ್ಜಿಯ ಬಾಯಲ್ಲಿ ಮಾತ್ರ ಎನ್ನುವಂಥ ಮಕ್ಕಳು. ಒಬ್ಬರು ದಾನ ಕೊಟ್ಟ 43 ಇಂಚಿನ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಪಾಠದ ಪುಟ ತೋರಿಸುತ್ತೇನೆ. ಚಿತ್ರದ ನಾಲ್ಕೂ ಅಂಚುಗಳು ಚೌಕಟ್ಟಿನ ಆಚೆ ಹೋಗುತ್ತಿವೆ. ಕೊನೆಯ ಸಾಲಿನ ಬುಡ ಕಾಣುವುದಿಲ್ಲ, ನಮ್ಮ ಒತ್ತಕ್ಷರ ಇರುವುದೇ ಅಲ್ಲಿ. ಕಳೆದ ವಾರ ಒಬ್ಬ ಹುಡುಗಿ ‘ಹಳ್ಳಿ’ಯನ್ನು ‘ಹಳಿ’ ಎಂದು ಓದಿದಳು. ಅವಳದು ತಪ್ಪಲ್ಲ, ಕಂಡದ್ದನ್ನೇ ಓದಿದ್ದಾಳೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಕೇಬಲ್ ಕೆಟ್ಟಿದೆ ಎಂದರು. ಹೊಸ ಎಚ್‌ಡಿಎಂಐ ಕೇಬಲ್ ತಂದರೂ ಚಿತ್ರ ಹಾಗೆಯೇ ಇದೆ.

ಕೋಥ್ರೂಡ್ ಎಂಜಿನಿಯರ್
ಟೀಚರ್, ಇದು ಓವರ್‌ಸ್ಕ್ಯಾನ್, ಅಂದರೆ ಚಿತ್ರ ಪರದೆಗಿಂತ ದೊಡ್ಡದಾಗಿ ಮೂಡಿ ಅಂಚು ಕಾಣದೆ ಹೋಗುವುದು. ಕೇಬಲ್‌ಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ತಂತ್ರಾಂಶವನ್ನು ತೆರೆಯಿರಿ. ಗ್ರಾಫಿಕ್ಸ್ ಚಿಪ್ ಎಎಮ್‌ಡಿ ಕಂಪನಿಯದಾದರೆ ಡಿಸ್‌ಪ್ಲೇ ವಿಭಾಗದಲ್ಲಿ ಎಚ್‌ಡಿಎಂಐ ಸ್ಕೇಲಿಂಗ್ ಎಂಬ ಜಾರುಪಟ್ಟಿ ಇದೆ. ಎನ್‌ವಿಡಿಯಾದಲ್ಲಿ ಡೆಸ್ಕ್‌ಟಾಪಿನ ಗಾತ್ರ ಮತ್ತು ಸ್ಥಾನ ಹೊಂದಿಸುವ ಪುಟವಿದೆ. ಅಂಚು ಕಾಣುವವರೆಗೆ ಚಿತ್ರವನ್ನು ಕುಗ್ಗಿಸಿ. ಎರಡು ನಿಮಿಷದ ಕೆಲಸ, ಟಿವಿ ಯಾವುದಾದರೂ ನಡೆಯುತ್ತದೆ.

ವಾಸ್ಕೊ ರಿಪೇರಿ
ದಯವಿಟ್ಟು ಹಾಗೆ ಮಾಡಬೇಡಿ. ಮೂವತ್ತು ವರ್ಷ ವಾಸ್ಕೊದಲ್ಲಿ ಟಿವಿ ರಿಪೇರಿ ಮಾಡಿದವನು ನಾನು. ಅಂಚನ್ನು ಕತ್ತರಿಸುತ್ತಿರುವುದು ಟಿವಿ, ಕಂಪ್ಯೂಟರ್ ಅಲ್ಲ. ಬರುವ 1920×1080 ಪಿಕ್ಸೆಲ್ (ಚುಕ್ಕಿ) ಅಳತೆಯ ಚಿತ್ರದಲ್ಲಿ ಅಡ್ಡಕ್ಕೂ ಉದ್ದಕ್ಕೂ ಟಿವಿ ಶೇಕಡಾ 5ರಷ್ಟನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ತಲಾ 48, ಮೇಲೂ ಕೆಳಗೂ ತಲಾ 27 ಪಿಕ್ಸೆಲ್ ಹೋಯಿತು. ಉಳಿದ 1824×1026ನ್ನು ಹಿಗ್ಗಿಸಿ ಪರದೆ ತುಂಬಿಸುತ್ತದೆ. ಈಗ ಎಂಜಿನಿಯರ್ ಹೇಳಿದಂತೆ ಮಾಡಿದರೆ, ಕಂಪ್ಯೂಟರ್ ಪುಟವನ್ನು 1824×1026ಕ್ಕೆ ಕುಗ್ಗಿಸಿ ಸುತ್ತ ಕಪ್ಪು ಅಂಚು ಇಡುತ್ತದೆ, ಟಿವಿ ಆ ಅಂಚನ್ನು ಕತ್ತರಿಸಿ ಮತ್ತೆ ಹಿಗ್ಗಿಸುತ್ತದೆ. ಒಂದೇ ಅಕ್ಷರಕ್ಕೆ ಎರಡು ಸಲ ಪೆಟ್ಟು. ಸಿನಿಮಾಗಾದರೆ ನಡೆದೀತು. ಅಕ್ಷರ ಕಲಿಯುವ ಮಗುವಿಗೆ ‘ದನ’ ಮತ್ತು ‘ಧನ’ದ ನಡುವೆ ಇರುವುದು ಒಂದು ಸಣ್ಣ ಸೀಳು, ಮಸುಕಾದರೆ ಮೊದಲು ಅಳಿಯುವುದೇ ಅದು.

ಟಿವಿಯ ರಿಮೋಟ್ ತೆಗೆದುಕೊಂಡು ಚಿತ್ರದ ಗಾತ್ರದ ಆಯ್ಕೆಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಫಿಟ್, ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸೋನಿಯಲ್ಲಿ ಫುಲ್ ಪಿಕ್ಸೆಲ್, ಫಿಲಿಪ್ಸ್‌ನಲ್ಲಿ ಅನ್‌ಸ್ಕೇಲ್ಡ್ ಎಂಬ ಹೆಸರುಗಳು ಸಿಗುತ್ತವೆ. ಹೆಸರು ಬೇರೆಯಾದರೂ ಕೆಲಸ ಒಂದೇ: ಚಿತ್ರವನ್ನು ಕತ್ತರಿಸದೆ, ಹಿಗ್ಗಿಸದೆ ತೋರಿಸುವುದು.

ಗೋರೆಗಾಂವ್ ಸಂಕಲನಕಾರ
ಟಿವಿ ತಯಾರಿಸಿದವರು ಸುಮ್ಮನೆ ಕತ್ತರಿಸಲಿಲ್ಲ. ಕೊಳವೆ ಟಿವಿಯ ಕಾಲದಲ್ಲಿ ವೋಲ್ಟೇಜ್ ಏರಿಳಿದಂತೆ, ಬಿಡಿಭಾಗ ಹಳತಾದಂತೆ ಚಿತ್ರ ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಪರದೆಯ ಬದಿಯಲ್ಲಿ ಕಪ್ಪು ಪಟ್ಟಿ ಕಾಣಬಾರದೆಂದು ಚಿತ್ರವನ್ನು ಚೌಕಟ್ಟಿಗಿಂತ ದೊಡ್ಡದಾಗಿಯೇ ಮೂಡಿಸುತ್ತಿದ್ದರು. ವಿಎಚ್‌ಎಸ್ ಟೇಪಿನ ಕೆಳಅಂಚಿನಲ್ಲಿ ನಡುಗುತ್ತಿದ್ದ ಗೀರುಗಳೂ ಅದರಿಂದಲೇ ಮರೆಯಾಗುತ್ತಿದ್ದವು. ಅದಕ್ಕಾಗಿ ನಾವು ಸಂಕಲನ ಮಾಡುವಾಗ ಮುಖ್ಯ ದೃಶ್ಯವನ್ನು ಚಿತ್ರದ ಶೇಕಡಾ 90ರೊಳಗೆ, ಅಕ್ಷರಗಳನ್ನು ಶೇಕಡಾ 80ರೊಳಗೆ ಇಡುತ್ತಿದ್ದೆವು. ಟೀಚರ್ ಕೂಡ ಪುಟದ ಸುತ್ತ ಅಂಚು ಬಿಟ್ಟರೆ ಯಾವ ಟಿವಿಯಲ್ಲೂ ತೊಂದರೆ ಇರುವುದಿಲ್ಲ. ಇಂದು ಈ ಟಿವಿ, ನಾಳೆ ಇನ್ನೊಂದು.

ಡೊಂಬಿವಲಿ ಟೀಚರ್
ನಾನೇ ಬರೆದ ಪುಟಗಳಿಗೆ ಅಂಚು ಬಿಡಬಲ್ಲೆ. ಆದರೆ ಹೆಚ್ಚಿನವು ಹಳೆಯ ಪಠ್ಯಪುಸ್ತಕದಿಂದ ಸ್ಕ್ಯಾನ್ ಮಾಡಿದವು. ಕುಗ್ಗಿಸಿದರೆ ಹಿಂದಿನ ಸಾಲಿನ ಮಕ್ಕಳಿಗೆ ಕಾಣುವುದಿಲ್ಲ. ಇನ್ನು, ವಾಸ್ಕೊದ ಅಣ್ಣ ಹೇಳಿದ ಆಯ್ಕೆ ನಮ್ಮ ಟಿವಿಯಲ್ಲಿ ಮಂಕಾಗಿದೆ, ಒತ್ತಿದರೆ ಬದಲಾಗುವುದಿಲ್ಲ.

ಕೋಥ್ರೂಡ್ ಎಂಜಿನಿಯರ್
ನಾನು ಹೇಳಿದ್ದೂ ಇದನ್ನೇ. ಎಲ್ಲ ಟಿವಿಗಳಲ್ಲೂ ಆ ಆಯ್ಕೆ ಕೈಗೆ ಸಿಗುವುದಿಲ್ಲ. ಎಚ್‌ಡಿ ರೆಡಿ ಎಂದು ಮಾರಿದ ಎಷ್ಟೋ ಟಿವಿಗಳ ಪರದೆ 1366×768 ಮಾತ್ರ. ಅಲ್ಲಿ 1080 ಸಾಲು ಕಳುಹಿಸಿದರೆ ಟಿವಿ ಹೇಗೂ ಕುಗ್ಗಿಸಲೇಬೇಕು. ಮಸುಕು ತಪ್ಪದಿದ್ದರೆ ಸಾಲು ಪೂರ್ತಿ ಕಾಣುವುದಾದರೂ ಆಗಲಿ. ಕಾಣದ ಒತ್ತಿಗಿಂತ ಮಸುಕಾದ ಒತ್ತು ಮೇಲು.

ವಾಸ್ಕೊ ರಿಪೇರಿ
ಅಂಥ ಟಿವಿಯ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಟೀಚರ್ ಟಿವಿ ಅಂಥದ್ದೆಂದು ಇನ್ನೂ ಗೊತ್ತಾಗಿಲ್ಲ. ಟೀಚರ್, ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಟಿವಿಗೆ ಯಾವ ರೆಸಲ್ಯೂಶನ್ (ಪಿಕ್ಸೆಲ್ ಅಳತೆ) ಹೋಗುತ್ತಿದೆ ನೋಡಿ. ಎರಡೂ ಪರದೆಗೆ ಒಂದೇ ಚಿತ್ರ ತೋರಿಸುವಾಗ ಕಂಪ್ಯೂಟರ್ ಅನೇಕ ಸಲ ಲ್ಯಾಪ್‌ಟಾಪಿನ ಅಳತೆಯನ್ನೇ ಟಿವಿಗೂ ಕಳುಹಿಸುತ್ತದೆ. ಟಿವಿಯಲ್ಲಿ ಮಾತ್ರ ತೋರಿಸುವಂತೆ ಮಾಡಿ 1920×1080 ಇಟ್ಟು ಆ ಆಯ್ಕೆಯನ್ನು ಮತ್ತೆ ನೋಡಿ. ಆಗಲೂ ಮಂಕಾಗಿದ್ದರೆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಾಯಿಸಿ, ಕೆಲವು ಟಿವಿಗಳಿಗೆ ಅಷ್ಟೇ ಸಾಕಾಗುತ್ತದೆ.

ಆಮೇಲೆ ಒಂದು ಪರೀಕ್ಷೆ ಮಾಡಿ. 1920×1080 ಅಳತೆಯ ಚಿತ್ರದಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಎಂದು ಚದುರಂಗದ ಮಣೆಯಂತೆ ತುಂಬಿಸಿ, ಅಂಚಿಗೆ ಒಂದೇ ಪಿಕ್ಸೆಲ್‌ನ ಕೆಂಪು ಗೆರೆ ಎಳೆಯಿರಿ. ಅದನ್ನು ಪೂರ್ಣ ಪರದೆಯಲ್ಲಿ ತೆರೆಯಿರಿ. ಕೆಂಪು ಗೆರೆ ನಾಲ್ಕೂ ಕಡೆ ಕಾಣಬೇಕು, ಮಣೆಯಲ್ಲಿ ಅಲೆಯಂತಹ ಪಟ್ಟೆ ಏಳಬಾರದು. ಪಟ್ಟೆ ಎದ್ದರೆ ಎಲ್ಲೋ ಹಿಗ್ಗುವಿಕೆ, ಕುಗ್ಗುವಿಕೆ ಉಳಿದಿದೆ ಎಂದು ತಿಳಿಯಿರಿ.

ಮುಲುಂಡ್ ಓದುಗ
ನನ್ನ ಹಳೆಯ ಟಿವಿಗೆ ವಿಜಿಎ ಕೇಬಲ್ ಹಾಕಿದ್ದೇನೆ. ಚಿತ್ರ ಎಡಕ್ಕೆ ಸರಿದಿದೆ, ಬಲಕ್ಕೆ ಕಪ್ಪು ಪಟ್ಟಿ. ಇದೂ ಓವರ್‌ಸ್ಕ್ಯಾನ್ ತಾನೇ?

ವಾಸ್ಕೊ ರಿಪೇರಿ
ಅಲ್ಲ, ಅದು ಸ್ಥಾನದ ದೋಷ. ವಿಜಿಎ ಅನಲಾಗ್ ಸಂಕೇತವಾದ್ದರಿಂದ ಚಿತ್ರ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಟಿವಿ ಊಹಿಸಿಕೊಳ್ಳಬೇಕು. ಪೂರ್ತಿ ಬಿಳಿ ಪುಟವೊಂದನ್ನು ತೆರೆದಿಟ್ಟು ಆಟೋ ಅಡ್ಜಸ್ಟ್ ಒತ್ತಿ. ಕಪ್ಪು ಹಿನ್ನೆಲೆಯಲ್ಲಿ ಒತ್ತಿದರೆ ಅಂಚು ಎಲ್ಲಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಉಳಿದದ್ದನ್ನು ಪೊಸಿಶನ್ ಆಯ್ಕೆಯಿಂದ ಕೈಯಾರೆ ಸರಿಸಿ.

ಡೊಂಬಿವಲಿ ಟೀಚರ್
ಲ್ಯಾಪ್‌ಟಾಪ್ 1366×768 ಕಳುಹಿಸುತ್ತಿತ್ತು! 1920×1080ಕ್ಕೆ ಬದಲಿಸಿದ ಕೂಡಲೇ ಮಂಕಾಗಿದ್ದ ಆಯ್ಕೆ ಬೆಳಗಿತು. ಕೆಂಪು ಗೆರೆ ನಾಲ್ಕೂ ಬದಿಯಲ್ಲಿದೆ, ಪಟ್ಟೆ ಇಲ್ಲ. ಹೋಲಿಸಿ ನೋಡಲೆಂದು ಹಳೆಯ ಸ್ಥಿತಿಗೆ ಮರಳಿ ಗ್ರಾಫಿಕ್ಸ್ ತಂತ್ರಾಂಶದಿಂದಲೂ ಕುಗ್ಗಿಸಿ ನೋಡಿದೆ. ಸಾಲು ಪೂರ್ತಿ ಬಂದಿತು, ಆದರೆ ‘ಧ’ದ ಸೀಳು ಹಿಂದಿನ ಬೆಂಚಿನಿಂದ ನನಗೇ ಕಾಣಲಿಲ್ಲ.

ಕೋಥ್ರೂಡ್ ಎಂಜಿನಿಯರ್
ನಿಮ್ಮ ಟಿವಿಗೆ ಅಣ್ಣನ ದಾರಿಯೇ ಸರಿ. ಒಂದು ಮಾತು: ಈ ಸೆಟ್ಟಿಂಗ್ ಹಲವು ಟಿವಿಗಳಲ್ಲಿ ಪ್ರತಿ ಇನ್‌ಪುಟ್‌ಗೂ ಬೇರೆ ಬೇರೆಯಾಗಿ ಉಳಿಯುತ್ತದೆ. ಮುಂದಿನ ವಾರ ಯಾರಾದರೂ ಕೇಬಲನ್ನು ಪಕ್ಕದ ಸಾಕೆಟ್‌ಗೆ ಚುಚ್ಚಿದರೆ ಮತ್ತೆ ‘ಹಳಿ’ ಬರಬಹುದು. ಸಾಕೆಟ್ ಪಕ್ಕದಲ್ಲಿ ‘ಕನ್ನಡ ತರಗತಿ’ ಎಂದು ಚೀಟಿ ಅಂಟಿಸಿ.

ಡೊಂಬಿವಲಿ ಟೀಚರ್
ಅಂಟಿಸಿದೆ. ಬರೆದವಳು ‘ಹಳಿ’ ಎಂದು ಓದಿದ ಹುಡುಗಿಯೇ. ‘ಕನ್ನಡ’ದ ನ ಒತ್ತನ್ನು ದೊಡ್ಡದಾಗಿ ಬರೆದಿದ್ದಾಳೆ.