ಎಂಜಿ ಮಿಜೆಟ್ 1275: ಕೂಲೆಂಟ್ ಹೋಸ್ ಎಲ್ಲಾ ಬದಲಿಸ್ಬೇಕು, ಆ ಗಿಡ್ಡ ಬೈಪಾಸ್ ಹೋಸ್ ಏನು ಮಾಡೋದು?

ಸಾಗರದ_ಮಿಜೆಟ್:
1970ರ ಎಂಜಿ ಮಿಜೆಟ್ (ಬ್ರಿಟಿಷ್ ಪುಟ್ಟ ಸ್ಪೋರ್ಟ್ಸ್ ಕಾರು), 1275 ಸಿಸಿ ಎಂಜಿನ್. ಮೇಲಿನ ರೇಡಿಯೇಟರ್ ಹೋಸ್ ಹಿಚುಕಿದ್ರೆ ಒಣಗಿದ ಚಕ್ಕಳದ ಥರ ಇದೆ, ಕೆಳಗಿನದು ಕ್ಲಿಪ್ ಹತ್ತಿರ ಊದಿಕೊಂಡಿದೆ. ವಾಟರ್ ಪಂಪಿನಿಂದ ಎಂಜಿನ್ನಿನ ಸಿಲಿಂಡರ್ ಹೆಡ್ಡಿಗೆ ಹೋಗುವ ಹೆಬ್ಬೆರಳುದ್ದದ ಹೋಸಿನಿಂದ ಹನಿ ಬೀಳ್ತಾ ಇದೆ. ಹೀಟರಿನಿಂದ ವಾಪಸ್ ಬರೋ ಲೋಹದ ಪೈಪಿಗೂ ತುಕ್ಕು.

ಗಿಡ್ಡ ಹೋಸಿಗೆ ಹೆಡ್ಡೇ ಇಳಿಸ್ಬೇಕು ಅಂತ ಕೆಲವರು, ಪಂಪ್ ಬಿಚ್ಚಿದ್ರೆ ಸಾಕು ಅಂತ ಕೆಲವರು. ಜೊತೆಗೆ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡೋ ಕವಾಟ) ಕಿತ್ತು ಬಿಸಾಕಿ, ಘಾಟಿಯಲ್ಲಿ ಬಿಸಿ ಆಗಲ್ಲ ಅನ್ನೋ ಸಲಹೆ ಬೇರೆ. ಸಿಲಿಕಾನ್ ಹೋಸ್ ತರಿಸಲಾ, ರಬ್ಬರ್ ಸಾಕಾ? ಮಳೆ ಬಿಟ್ಟ ಮೇಲೆ ಸೋಮೇಶ್ವರದ ಕಡೆಯಿಂದ ಆಗುಂಬೆ ಹತ್ತಿಸೋ ಯೋಚನೆ ಇದೆ.

ತುಂಗಾ_ತೀರ:
ಹೆಡ್ ಮುಟ್ಟಬೇಡಿ. ಬೈಪಾಸ್ ಹೋಸಿನಲ್ಲಿ ಎರಡು ಜಾತಿ: ಸುಕ್ಕುಸುಕ್ಕಾಗಿ ಅಕಾರ್ಡಿಯನ್ ಥರ ಮಡಚೋದು ಒಂದು, ನೇರ ಕೊಳವೆಯಂಥದ್ದು ಇನ್ನೊಂದು. ಸುಕ್ಕಿನದು ಪಂಪ್ ಬಿಚ್ಚದೆಯೂ ಕೂರುತ್ತೆ. ನೇರದ್ದು ಬೇಕಾದ್ರೆ ಪಂಪ್ ಹೊರಗೆ ಬರಲೇಬೇಕು. ಹಳೇ ಮಿನಿಗೂ ಇದೇ ಎ ಸೀರೀಸ್ ಎಂಜಿನ್, ಹಾಗಾಗಿ ಮಿನಿಯದ್ದು ಅಂತ ತರಿಸಿದ್ರೂ ಆಗುತ್ತೆ.

ಕೂರಿಸೋ ಕ್ರಮ: ಹಳೇದನ್ನು ತಿರುಚಿ ಎಳೀಬೇಡಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲೀರಿ. ಹೆಡ್ಡಿನ ಅಡಿಯ ಸಣ್ಣ ನಳಿಗೆ ತುಕ್ಕು ತಿಂದು ತಗಡಿನಷ್ಟು ತೆಳ್ಳಗಾಗಿರುತ್ತೆ, ಪ್ಲೈಯರ್ ಹಾಕಿ ತಿರುವಿದ್ರೆ ಕೈಗೇ ಬರುತ್ತೆ. ಆಗ ನಿಜವಾಗಲೂ ದೊಡ್ಡ ಕೆಲಸ. ಎರಡೂ ನಳಿಗೆಗಳನ್ನು 240ರ ಎಮರಿ ಪೇಪರಿನಲ್ಲಿ ನುಣ್ಣಗೆ ಉಜ್ಜಿ. ಹೊಸ ಹೋಸಿನ ನಡುವಿಗೆ ಎರಡೂ ಕ್ಲಿಪ್ ಮೊದಲೇ ಏರಿಸಿಡಿ, ಆಮೇಲೆ ತೂರಿಸೋಕೆ ಜಾಗ ಇರಲ್ಲ. ಕ್ಲಿಪ್ಪಿನ ಸ್ಕ್ರೂ ತಲೆ ಸ್ಪ್ಯಾನರ್ ಸಿಗೋ ಕಡೆಗೇ ಇರಲಿ. ಹೋಸನ್ನು ಉದ್ದಕ್ಕೆ ಅದುಮಿ ನೈಲಾನ್ ದಾರದಲ್ಲಿ ಬಿಗಿದು ಕಟ್ಟಿ, ಸೋಪು ನೀರು ಸವರಿ ಜಾಗಕ್ಕೆ ತೂರಿಸಿ, ದಾರ ಕತ್ತರಿಸಿದ್ರೆ ತಾನಾಗಿ ಎರಡೂ ಕಡೆ ಚಾಚಿಕೊಳ್ಳುತ್ತೆ. ಗ್ರೀಸ್, ಎಣ್ಣೆ ಬೇಡವೇ ಬೇಡ, ಇಪಿಡಿಎಂ (ಕೂಲೆಂಟ್ ಹೋಸಿಗೆ ಬಳಸೋ ರಬ್ಬರ್) ಎಣ್ಣೆ ಕುಡಿದು ಊದುತ್ತೆ. ನಿಮ್ಮ ಕೆಳಗಿನ ಹೋಸ್ ಊದಿರೋದಕ್ಕೂ ಬಹುಶಃ ಎಂಜಿನ್ ಆಯಿಲ್ ಸೋರಿಕೆಯೇ ಕಾರಣ. ಅದನ್ನು ನಿಲ್ಲಿಸದಿದ್ರೆ ಹೊಸದಕ್ಕೂ ಅದೇ ಗತಿ.

ಆದ್ರೆ ಪಂಪಿನ ಶಾಫ್ಟ್ ಅಲುಗಾಡ್ತಾ ಇದ್ರೆ, ಅಥವಾ ಅದರ ಸಣ್ಣ ತೂತಿನಿಂದ ಬಣ್ಣದ ಕಲೆ ಇಳಿದಿದ್ರೆ, ಈಗಲೇ ಪಂಪೂ ಬದಲಿಸಿ. ಅದೇ ಗೋಳು ಎರಡು ಸಲ ಯಾಕೆ.

ಪಾನಾಪೆಟ್ಟಿಗೆ:
ಪಾನದ ವಿಷಯ ಯಾರೂ ಹೇಳ್ತಿಲ್ಲ. ಈ ಗಾಡಿಯ ಬೋಲ್ಟೆಲ್ಲ ಇಂಚಿನವು. ಥರ್ಮೋಸ್ಟಾಟ್ ಎಲ್ಬೋ (ಅದರ ಮೇಲಿನ ಬಾಗಿದ ಮುಚ್ಚಳ) ನಟ್ಟಿಗೆ ಬೇಕಾದ್ದು ಅರ್ಧ ಇಂಚಿನ ಪಾನ, ಅಂದ್ರೆ 12.7 ಎಂಎಂ. ಗ್ಯಾರೇಜಿನಲ್ಲಿ 13 ಹಾಕ್ತಾರೆ. ಸಡಿಲ ನಟ್ಟಾದ್ರೆ ನಡೆಯುತ್ತೆ, ತುಕ್ಕು ಹಿಡಿದದ್ದಾದ್ರೆ ಮೂಲೆ ಉರುಟಾಗುತ್ತೆ. ಅಂಬಾಸಿಡರ್ ಕೆಲಸ ಮಾಡಿದ ಹಳೇ ಮೇಸ್ತ್ರಿಗಳ ಹತ್ತಿರ ಇಂಚಿನ ಪಾನ ಇದ್ದೇ ಇರುತ್ತೆ. ಅದರ ಬಿ ಸೀರೀಸ್, ಇದರ ಎ ಸೀರೀಸ್, ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಮನೆಯ ಎಂಜಿನ್ನುಗಳೇ.

ಎಲ್ಬೋ ಮೂರು ಸ್ಟಡ್ಡಿನ ಮೇಲೆ ಕಚ್ಚಿಕೊಂಡಿರುತ್ತೆ. ಹಿಂದಿನ ದಿನವೇ ತುಕ್ಕೆಣ್ಣೆ ಬಿಡಿ, ಮರದ ತುಂಡಿಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿ. ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ರೆ ಅಲ್ಯೂಮಿನಿಯಂ ಒಡೆಯುತ್ತೆ.

ರೇಡಿಯೇಟರ್ ಕಡೆಯ ಹೋಸನ್ನೂ ಸೀಳಿಯೇ ತೆಗೀರಿ. ಹಿತ್ತಾಳೆ ನಳಿಗೆ ನಿಂತಿರೋದು ಬರೀ ಸೀಸದ ಬೆಸುಗೆಯಲ್ಲಿ. ಟೆಂಪರೇಚರ್ ಗೇಜಿಗೆ ಹೋಗೋ ಸಪೂರ ನಳಿಗೆ ಮಡಚಿದ್ರೆ ಒಳಗಿನ ದ್ರವ ಹೋಗಿ ಗೇಜೇ ಸತ್ತ ಹಾಗೆ, ಅದನ್ನು ದಾರದಲ್ಲಿ ಕಟ್ಟಿ ಪಕ್ಕಕ್ಕಿಡಿ.

ಹೀಟರ್ ಪೈಪಿಗೆ: ಫ್ರಿಜ್ ರಿಪೇರಿ ಅಂಗಡಿಯಲ್ಲಿ ಅರ್ಧ ಇಂಚಿನ ತಾಮ್ರದ ಕೊಳವೆ ಸಿಗುತ್ತೆ. ಹಳೇ ಪೈಪನ್ನೇ ಅಚ್ಚಾಗಿಟ್ಟು ಸ್ಪ್ರಿಂಗ್ ಬೆಂಡರಿನಲ್ಲಿ ಬಗ್ಗಿಸಿ. ತುದಿಯಲ್ಲಿ ಸುತ್ತ ಒಂದು ಸಣ್ಣ ಉಬ್ಬು ಮಾಡಿಸಲೇಬೇಕು, ಬೋಳು ತುದಿಯಿಂದ ಹೋಸ್ ಒತ್ತಡಕ್ಕೆ ಜಾರಿ ಹೋಗುತ್ತೆ. ಬ್ರ್ಯಾಕೆಟ್ ಬೇಕಾದ್ರೆ ಬ್ರೇಜಿಂಗ್ ಮಾಡಿಸಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದ್ರೆ ಮಾಡೋರು ಸಿಗ್ತಾರೆ. ಹೋಸ್ ಕೊಳ್ಳುವಾಗ ಹೀಟರ್ ಹೋಸ್ ಅಂತಲೇ ಕೇಳಿ. ಪೆಟ್ರೋಲ್ ಪೈಪ್ ಬಿಸಿ ಕೂಲೆಂಟಿಗೆ ಬಾಳಲ್ಲ.

ಸಾಗರದ_ಮಿಜೆಟ್:
ದಾರದ ಉಪಾಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಸರ್. ಬೈಪಾಸನ್ನೇ ಮುಚ್ಚಿಬಿಟ್ರೆ ಹೇಗೆ? ಸಿಲಿಕಾನ್ ಬಗ್ಗೆ ಏನಂತೀರಿ?

ಕೆಂಪುಮಣ್ಣು:
ಮುಚ್ಚಬಹುದು, ಆದ್ರೆ ಬರೀ ಮುಚ್ಚಿದ್ರೆ ತಪ್ಪು. ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ಸುತ್ತಾಡೋಕೆ ಇರೋ ದಾರಿಯೇ ಅದು. ದಾರಿ ಇಲ್ಲದಿದ್ರೆ ಹೆಡ್ಡಿನಲ್ಲಿ ಒಂದೊಂದು ಕಡೆ ಕುದಿ ಬಂದ್ರೂ ಥರ್ಮೋಸ್ಟಾಟಿಗೆ ಸುದ್ದಿ ತಡವಾಗಿ ಮುಟ್ಟುತ್ತೆ. ಮುಚ್ಚೋರು ಥರ್ಮೋಸ್ಟಾಟಿನ ಅಂಚಿನ ತಟ್ಟೆಯಲ್ಲಿ 3 ಎಂಎಂ ತೂತು ನಾಲ್ಕರಿಂದ ಆರು ಕೊರೀತಾರೆ. ಎಂಜಿನ್ ಬೆಚ್ಚಗಾಗೋದು ನಿಧಾನ ಆಗುತ್ತೆ, ಅಷ್ಟೇ. ನನ್ನ ಕೇಳಿದ್ರೆ ಹೋಸ್ ಇಟ್ಟುಕೊಳ್ಳೋದೇ ಒಳ್ಳೇದು.

ಥರ್ಮೋಸ್ಟಾಟ್ ಕಿತ್ತರೆ ಘಾಟಿ ಸಮಸ್ಯೆ ಹೋಗಲ್ಲ. ಪೂರ್ತಿ ತೆರೆದ ಮೇಲೆ ಅದೇನೂ ನೀರಿಗೆ ಅಡ್ಡ ನಿಲ್ಲೋದಿಲ್ಲ. ಆಗಲೂ ಕುದಿಯುತ್ತೆ ಅಂದ್ರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲಾ ಇಗ್ನಿಷನ್ ಟೈಮಿಂಗ್ ಹಿಂದೆ ಇದೆ (ಕಿಡಿ ತಡವಾಗಿ ಹೊತ್ತುತ್ತೆ), ಇಲ್ಲಾ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆ ಆಗ್ತಿದೆ. ಕಿತ್ತರೆ ಸಿಗೋದು ಮಳೆಗಾಲದಲ್ಲಿ ಎಂದೂ ಬಿಸಿಯಾಗದ, ಪೆಟ್ರೋಲ್ ಕುಡಿಯೋ ಎಂಜಿನ್. 82 ಡಿಗ್ರಿಯದ್ದೇ ಹಾಕಿ. ಹಾಕೋ ಮುಂಚೆ ದಾರದಲ್ಲಿ ಕಟ್ಟಿ ಪಾತ್ರೆಯ ನೀರಲ್ಲಿ ಇಳಿಬಿಟ್ಟು ಕಾಯಿಸಿ, ಬಾಯಿ ಬಿಡುತ್ತಾ ನೋಡಿ.

ಸಿಲಿಕಾನ್ ಶಾಖಕ್ಕೆ ಚೆನ್ನ, ಆದ್ರೆ ಮೆದು. ಪಟ್ಟಿಯಲ್ಲಿ ಸೀಳುಗಳಿರೋ ಸಾಮಾನ್ಯ ಕ್ಲಿಪ್ ಬಿಗಿದ್ರೆ ಸಿಲಿಕಾನ್ ಸೀಳಿನೊಳಗೆ ಹಿಂಡಿಕೊಂಡು ಕತ್ತರಿಸಿಹೋಗುತ್ತೆ. ಒಳಮೈ ನುಣುಪಾಗಿರೋ ಕ್ಲಿಪ್ಪೇ ಬೇಕು. ಈ ಗಾಡಿಗೆ ಒಳ್ಳೇ ಇಪಿಡಿಎಂ ಧಾರಾಳ ಸಾಕು.

ತುಂಗಾ_ತೀರ:
ಸಿಲಿಕಾನ್ ವಿಷಯದಲ್ಲಿ ಪೂರ್ತಿ ಒಪ್ಪಲ್ಲ, ಬೈಪಾಸಿಗೆ ಮಾತ್ರ ಅದು ವಾಸಿ, ಮತ್ತೆ ಕೈ ಹಾಕೋ ಜಾಗ ಅಲ್ಲ ಅದು. ಅಡಿಕೆ ಮೂಟೆ ಇಡೋ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸ್ತೀರಾದ್ರೆ ಯಾವ ಹೋಸ್ ಆದ್ರೂ ಇಲಿ ಬಿಡಲ್ಲ, ಅದು ಬೇರೆ ಮಾತು.

ತುಂಬಿಸೋದು: ಒಟ್ಟು ಸುಮಾರು 3.5 ಲೀಟರ್ ಹಿಡಿಯುತ್ತೆ. ತೊಳೆದ ಮೇಲೆ ಬ್ಲಾಕಿನಲ್ಲಿ ನೀರು ಉಳಿದೇ ಇರುತ್ತೆ, ಅದಕ್ಕೆ ಮೊದಲು ನೀರು ಬೆರೆಸದ ಗಟ್ಟಿ ಕೂಲೆಂಟ್ 1.75 ಲೀಟರ್ ಸುರಿದು, ಉಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಸೀಸದ ಬೆಸುಗೆಯ ರೇಡಿಯೇಟರಿಗೆ ಹಳೇ ಮಾದರಿಯ ಸಿಲಿಕೇಟ್ ಇರೋ ಹಸಿರು ಕೂಲೆಂಟೇ ಕ್ಷೇಮ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಚೆಲ್ಲಿದ್ದನ್ನು ಕೂಡಲೇ ತೊಳೀರಿ, ಸಿಹಿ ಅಂತ ನಾಯಿ ನೆಕ್ಕಿದ್ರೆ ಉಳಿಯಲ್ಲ.

ಗಾಡಿಯ ಮೂತಿ ಏರಿನ ಕಡೆಗಿರಲಿ, ಹೀಟರ್ ಟ್ಯಾಪ್ ಪೂರ್ತಿ ತೆರೆದಿರಲಿ. ಹೀಟರಿನ ಮೇಲ್ತುದಿಯ ಹೋಸ್ ಸಡಿಲಿಸಿ ಅಲ್ಲಿಂದ ಗಾಳಿ ಹೋಗಿ ನೀರು ಬರೋವರೆಗೆ ತುಂಬಿ, ಗಾಳಿ ಸಿಕ್ಕಿಕೊಳ್ಳೋದೇ ಅಲ್ಲಿ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಿಢೀರ್ ಇಳಿಯುತ್ತೆ, ಸರಿದೂಗಿಸಿ ಮುಚ್ಚಿ. ನಿಮ್ಮ ಗಾಡಿಗೆ ಬಂದಿದ್ದ ಒತ್ತಡದ ಮುಚ್ಚಳವನ್ನೇ ಹಾಕಿ. 7 ಪಿಎಸ್‌ಐ (ಒತ್ತಡದ ಅಳತೆ) ಜಾಗಕ್ಕೆ 15ರದ್ದು ಹಾಕಿದ್ರೆ ಕುದಿ ಬಿಂದು ಏರುತ್ತೆ ನಿಜ, ಆದ್ರೆ ಹೊಸ ಹೋಸ್ ತಡೆದು ಹಳೇ ಹೀಟರ್ ಒಡೆಯುತ್ತೆ, ಕೂಲೆಂಟ್ ಬೀಳೋದು ನಿಮ್ಮ ಪಾದದ ಮೇಲೆ.

ಒಂದು ಸುತ್ತು ಓಡಿಸಿ ಪೂರ್ತಿ ತಣ್ಣಗಾದ ಮೇಲೆ ಎಲ್ಲ ಕ್ಲಿಪ್ಪನ್ನೂ ಕಾಲು ಸುತ್ತು ಬಿಗೀರಿ. 100 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ, ಅಲ್ಲಿವರೆಗೆ ಆಗುಂಬೆ ಬೇಡ. ಆ 14 ಹೇರ್‌ಪಿನ್ ಎರಡನೇ ಗೇರಿನಲ್ಲಿ ಹತ್ತುವಾಗ ಫ್ಯಾನು ಎಂಜಿನ್ ಜೊತೆಗೇ ಜೋರಾಗಿ ತಿರುಗುತ್ತೆ, ಅಲ್ಲಿ ಭಯ ಇಲ್ಲ. ಮೇಲೆ ಹತ್ತಿ ತಕ್ಷಣ ಆಫ್ ಮಾಡಿದಾಗಲೇ ಉಕ್ಕೋದು. ಎರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಕೀ ತಿರುಗಿಸಿ.