ತಟ್ಟೆಯಲ್ಲಿ ಫಂಗಸ್ ನಿಲ್ಲುತ್ತೆ, ಡಿಸ್ಕ್ ಹತ್ತಿರ ಏನೂ ಆಗಲ್ಲ!! (ಬ್ಯಾಸಿಲಸ್ ಬ್ಯಾಕ್ಟೀರಿಯಾ)

ಬಾಳೆಬೇರು:
ರಸಬಾಳೆ ಬೇರಿನ ಒಳಗಿಂದ ತೆಗೆದ ಬ್ಯಾಸಿಲಸ್. ಪಿಡಿಎ (ಆಲೂಗಡ್ಡೆ ಅಗರ್) ತಟ್ಟೆಯಲ್ಲಿ ಎದುರಾಬದುರು ಇಟ್ಟರೆ ಪನಾಮ ಸೊರಗಿನ ಫ್ಯುಸೇರಿಯಂ 9 ಮಿ.ಮೀ. ದೂರದಲ್ಲೇ ನಿಲ್ಲುತ್ತೆ. ಅದೇ ಕಲ್ಚರ್‌ಗೆ ಆಸಿಡ್ ಹಾಕಿ ಪೆಪ್ಟೈಡ್ (ಫಂಗಸ್ ತಡೆಯೋ ವಸ್ತು) ತಳಕ್ಕಿಳಿಸಿ, ಅದನ್ನ ಹಾಕಿದ ಕಾಗದದ ಡಿಸ್ಕ್ ಇಟ್ಟರೆ ಸೊನ್ನೆ. ಮೂರು ಸಲ! ಎಲ್ಲಾ ಪ್ರೋಟೊಕಾಲ್ ಪ್ರಕಾರವೇ ಮಾಡಿದ್ದು.

ಪೆಟ್ರಿತಟ್ಟೆ:
ಯಾವ ಪ್ರೋಟೊಕಾಲ್ ಸ್ವಾಮಿ? ಮೀಡಿಯಾ, ಗಂಟೆ, ಪಿಎಚ್ ಹೇಳಿ. 0.22 ಮೈಕ್ರಾನ್ ನೈಲಾನ್ ಫಿಲ್ಟರ್ ಆಗಿದ್ರೆ ಮಾಲೆಲ್ಲಾ ಅಲ್ಲೇ ಅಂಟಿರುತ್ತೆ. ನಿಮ್ಮ ಪೆಪ್ಟೈಡ್ ಲಿಪೊಪೆಪ್ಟೈಡ್, ಅದಕ್ಕೆ ಕೊಬ್ಬಿನ ಬಾಲ ಇದೆ.

ಬಾಳೆಬೇರು:
ಎಲ್‌ಬಿ ಮೀಡಿಯಾ, 37 ಡಿಗ್ರಿ, 24 ಗಂಟೆ, ಪಿಎಚ್ 2, ರಾತ್ರಿಯಿಡೀ 4 ಡಿಗ್ರಿ. ಫಿಲ್ಟರ್ ನೈಲಾನ್ ಅಲ್ಲ, ಪಿಇಎಸ್ (ಬೇರೆ ಪ್ಲಾಸ್ಟಿಕ್).

ಪೆಟ್ರಿತಟ್ಟೆ:
ಪಿಇಎಸ್ ಆದ್ರೂ ಮೊದಲ 5 ಎಂಎಲ್ ಚೆಲ್ಲಿ ನೋಡಿ.

ಶೇಕರ್180:
ಫಿಲ್ಟರ್ ಬಿಡಿ ಮಾರಾಯ್ರೆ. 24 ಗಂಟೆಗೆ ಹೆಚ್ಚಾಗಿ ಬರೋದು ಸರ್ಫ್ಯಾಕ್ಟಿನ್ ಅನ್ನೋ ಲಿಪೊಪೆಪ್ಟೈಡ್. ನೊರೆ ಚೆನ್ನಾಗಿರುತ್ತೆ, ಫಂಗಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಬೇಕಾದ್ದು ಅದೇ ಜಾತಿಯ ಇಟುರಿನ್, ಫೆಂಜೈಸಿನ್. ಇಟುರಿನ್ ಸಿಗೋದು ಬೆಳವಣಿಗೆ ನಿಂತ ಮೇಲೆ. ಲ್ಯಾಂಡಿ ಮೀಡಿಯಾ ಮಾಡಿ: ಲೀಟರಿಗೆ ಗ್ಲೂಕೋಸ್ 20 ಗ್ರಾಂ, ಗ್ಲುಟಾಮಿಕ್ ಆಸಿಡ್ 5, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 1, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1, ಮೆಗ್ನೀಸಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ತಲಾ 0.5, ಮ್ಯಾಂಗನೀಸ್ ಸಲ್ಫೇಟ್ 5 ಮಿ.ಗ್ರಾಂ, ಕಬ್ಬಿಣ, ತಾಮ್ರ ಚೂರು. ಪಿಎಚ್ 7, 30 ಡಿಗ್ರಿ, 72 ಗಂಟೆ. 500 ಎಂಎಲ್ ಫ್ಲಾಸ್ಕಿಗೆ 100 ಎಂಎಲ್ ಮೀರಬೇಡಿ, ನೊರೆ ಬಾಯಿಗಿಟ್ಟ ಹತ್ತಿಯನ್ನ ಮುಟ್ಟಿದ್ರೆ ಕಂಟಾಮಿನೇಶನ್ ಗ್ಯಾರಂಟಿ.

ಮಲ್ನಾಡ್‌ಅಗರ್:
ನಮ್ಮ ಲ್ಯಾಬಲ್ಲಿ ಅಡಿಕೆ ಕೊಳೆರೋಗದ ಫೈಟಾಫ್ತೊರಾ ಮೇಲೆ 14 ಮಿ.ಮೀ. ತಡೆ ಬರುತ್ತೆ. ಮೂರು ಶೇಕರ್, ಎಚ್‌ಪಿಎಲ್‌ಸಿ (ವಸ್ತು ಬೇರ್ಪಡಿಸೋ ಯಂತ್ರ), ಅದಕ್ಕೆ ಹೊಸ ಸಿ18 ಕಾಲಮ್ ಎಲ್ಲಾ ಇದೆ.

ಶೇಕರ್180:
ಫೈಟಾಫ್ತೊರಾ ಫಂಗಸ್ಸೇ ಅಲ್ಲ. ಇಟುರಿನ್ ಹಿಡಿಯೋ ಎರ್ಗೊಸ್ಟೆರಾಲ್ ಅನ್ನೋ ಕೊಬ್ಬು ಅದರ ಜೀವಕೋಶದ ಪೊರೆಯಲ್ಲಿಲ್ಲ. ಹೋಲಿಸಿ ಏನು ಪ್ರಯೋಜನ?

ಮಲ್ನಾಡ್‌ಅಗರ್:
ತೋಟದಲ್ಲಿ ಯಾರೂ ಪೊರೆ ನೋಡಿ ಔಷಧಿ ಹೊಡೆಯಲ್ಲ. 14 ಅಂದ್ರೆ 14.

ಸೊಪ್ಪುಗಾರ:
ಜಗಳ ಆಮೇಲೆ. ತಳದಲ್ಲಿ ಕೂತದ್ದನ್ನ ಯಾವುದ್ರಲ್ಲಿ ಕರಗಿಸಿದ್ರಿ?

ಬಾಳೆಬೇರು:
ಡಿಸ್ಟಿಲ್ಡ್ ವಾಟರ್. ಅದನ್ನೂ ಹೇಳ್ಬೇಕಾ?

ಸೊಪ್ಪುಗಾರ:
ಅದನ್ನೇ ಮೊದಲು ಹೇಳ್ಬೇಕಿತ್ತು. ಆಸಿಡ್ ಅಂಶ ಉಳಿದಿರೋವಾಗ ನೀರು ಹಾಕಿದ್ರೆ ಅದು ಕರಗಲ್ಲ. ನೀವು ಡಿಸ್ಕಿಗೆ ಹಾಕಿದ್ದು ಬರೀ ಮೇಲಿನ ನೀರು. 2 ಎಂಎಲ್ ಮೆಥನಾಲ್ ಹಾಕಿ 2 ಗಂಟೆ ಅಲುಗಾಡಿಸಿ, ಮತ್ತೆ ಸೆಂಟ್ರಿಫ್ಯೂಜ್ ಮಾಡಿ ತಿಳಿ ತಗೊಳ್ಳಿ. ಡಿಸ್ಕಿಗೆ 20 ಮೈಕ್ರೊಲೀಟರ್, ಲ್ಯಾಮಿನಾರ್‌ನಲ್ಲಿ (ಶುದ್ಧ ಗಾಳಿಯ ಪೆಟ್ಟಿಗೆ) ಅರ್ಧ ಗಂಟೆ ಒಣಗಿಸಿ. ಪಕ್ಕದಲ್ಲೇ ಬರೀ ಮೆಥನಾಲಿನ ಡಿಸ್ಕೂ ಇರಲಿ.

ಬಾಳೆಬೇರು:
ಫ್ರಿಜ್‌ನಲ್ಲಿದ್ದ ಹಳೇದಕ್ಕೇ ಮೆಥನಾಲ್ ಹಾಕ್ದೆ. 3 ಮಿ.ಮೀ. ಬಂತು. ಆದ್ರೆ ಬರೀ ಮೆಥನಾಲ್ ಡಿಸ್ಕಿಗೂ 1 ಮಿ.ಮೀ.

ಸೊಪ್ಪುಗಾರ:
ಸರಿಯಾಗಿ ಒಣಗಿಲ್ಲ. ಒಂದು ಗಂಟೆ ಬಿಡಿ. ಜೊತೆಗೆ 72 ಗಂಟೆಯ ಲ್ಯಾಂಡಿ ಬ್ಯಾಚ್ ಹಾಕಿ.

ಪೆಟ್ರಿತಟ್ಟೆ:
ಫಿಲ್ಟರ್ ಬದಲಾಯಿಸಿದ್ರಾ?